ಹೈಡ್ರಂಟ್ ರಿಜಿಸ್ಟರಿನಲ್ಲಿ ‘ಸರಿ ಇದೆ’ ಎಂದು ಬರೆದರೆ ಸಾಕೇ?

ಪ್ರಶ್ನೆ: ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲೊಂದರಲ್ಲಿ ಮೇಲ್ವಿಚಾರಕನಾಗಿದ್ದೇನೆ. ಅಂಗಳದ ಸುತ್ತ ಎಂಟು ಹೈಡ್ರಂಟ್‌ಗಳಿವೆ (ಬೆಂಕಿ ಆರಿಸಲು ಹೋಸ್ ಜೋಡಿಸುವ ನೀರಿನ ಕೊಳಾಯಿಗಳು). ತಿಂಗಳಿಗೊಮ್ಮೆ ಗೇಜ್ ನೋಡಿ ‘5 ಕೆ.ಜಿ., ಸರಿ ಇದೆ’ ಎಂದು ಬರೆಯುತ್ತೇವೆ. ವಿಮೆಯ ಸರ್ವೇಯರ್ ಇದು ದಾಖಲೆಯೇ ಅಲ್ಲ, ಹರಿವಿನ ಪರೀಕ್ಷೆ ಮಾಡಿ ಬರೆದಿಡಿ ಎಂದರು. ಹರಿವ ಧಾರೆಗೆ ಹಿಡಿದು ಅದರ ಒತ್ತಡ ಅಳೆಯುವ ಪಿಟೊ ಗೇಜ್ ನಮ್ಮಲ್ಲಿ ಇಲ್ಲ. ಹೇಗೆ ಮಾಡುವುದು?

ಉತ್ತರ: ಸರ್ವೇಯರ್ ಮಾತು ಖಾರವಾಗಿದ್ದರೂ ನಿಜ. ನೀವು ಬರೆಯುತ್ತಿರುವುದು ನೀರು ನಿಂತಿರುವಾಗಿನ ಒತ್ತಡ (ಇಲ್ಲಿ ಕೆ.ಜಿ. ಅಂದರೆ ಚದರ ಸೆಂಟಿಮೀಟರಿಗೆ ಅಷ್ಟು ಕೆ.ಜಿ.). ಪೈಪ್ ಸಾಲಿನ ವಾಲ್ವ್ ಮುಕ್ಕಾಲು ಪಾಲು ಮುಚ್ಚಿದ್ದರೂ ನೀರು ಹರಿಯದಷ್ಟು ಹೊತ್ತು ಅದರ ಆಚೆಗಿನ ಗೇಜ್ 5 ಕೆ.ಜಿ.ಯನ್ನೇ ತೋರಿಸುತ್ತದೆ. ಹೈಡ್ರಂಟ್ ತೆರೆದಾಗಲೇ ಮುಳ್ಳು ಕುಸಿಯುವುದು. ಆದ್ದರಿಂದ ನಿಂತಾಗಿನ ಒತ್ತಡ, ಹರಿಯುವಾಗಿನ ಒತ್ತಡ, ನಿಮಿಷಕ್ಕೆ ಎಷ್ಟು ಲೀಟರ್ ಹರಿಯಿತು ಎಂಬ ಮೂರನ್ನೂ ಒಂದೇ ಪರೀಕ್ಷೆಯಲ್ಲಿ ತೆಗೆದುಕೊಳ್ಳಬೇಕು.

ಪಂಪಿನಿಂದ ಅತಿ ದೂರದ ಹೈಡ್ರಂಟ್ ಆರಿಸಿಕೊಳ್ಳಿ. ಹತ್ತಿ ರಾಶಿ ಬೀಳುವುದೂ ಸಾಮಾನ್ಯವಾಗಿ ಆ ಮೂಲೆಯಲ್ಲೇ. ನೀರು ಬಿಡುವುದು ಅಲ್ಲಿ, ಒತ್ತಡ ನೋಡುವುದು ಅದರ ಪಕ್ಕದ, ತೆರೆಯದ ಹೈಡ್ರಂಟಿಗೆ ಹಾಕಿದ ಗೇಜಿನಲ್ಲಿ. ದೂರದ ತುದಿಯಲ್ಲಿ ಹರಿಯುವಾಗಲೂ 3.5 ಕೆ.ಜಿ. ಉಳಿಯಬೇಕೆಂಬುದು ನಮ್ಮಲ್ಲಿ ರೂಢಿಯಲ್ಲಿರುವ ಅಳತೆ.

ಪಿಟೊ ಗೇಜ್ ಇಲ್ಲವೆಂದು ಕೈಕಟ್ಟಿ ಕೂರಬೇಕಿಲ್ಲ, ಪಂಪ್ ನೀರೆಳೆಯುವ ನಿಮ್ಮ ತೊಟ್ಟಿಯೇ ಅಳತೆಪಾತ್ರೆ. ತೊಟ್ಟಿ 6 ಮೀಟರ್ ಉದ್ದ, 5 ಮೀಟರ್ ಅಗಲ ಇದೆಯೆನ್ನಿ. ಅದರಲ್ಲಿ ನೀರು ಒಂದು ಸೆಂಟಿಮೀಟರ್ ಇಳಿದರೆ 300 ಲೀಟರ್ ಹೋಯಿತೆಂದು ಲೆಕ್ಕ. ತೊಟ್ಟಿಗೆ ನೀರು ಬರುವ ಕೊಳವೆಯನ್ನು ಮೊದಲು ಮುಚ್ಚಿ, ಮಟ್ಟವನ್ನು ಸೀಮೆಸುಣ್ಣದಿಂದ ಗುರುತು ಹಾಕಿ, ಹತ್ತು ನಿಮಿಷ ಬಿಡಿ. 16 ಸೆಂಟಿಮೀಟರ್ ಇಳಿದರೆ 4,800 ಲೀಟರ್, ಅಂದರೆ ನಿಮಿಷಕ್ಕೆ 480. ನಮ್ಮ ಸೀಮೆಯಲ್ಲಿ ಇಷ್ಟು ನೀರು ಚೆಲ್ಲಲು ಮನಸ್ಸು ಬಾರದು, ಆದರೂ ಅದನ್ನು ತೊಟ್ಟಿಗೇ ತಿರುಗಿಸಬೇಡಿ, ಅಳತೆ ಕೆಟ್ಟುಹೋಗುತ್ತದೆ. ಬೇವಿನ ಗಿಡಗಳ ಪಾತಿಗೆ ಬಿಡಿ.

ಮುಂದೆ ಪಿಟೊ ಗೇಜ್ ಕೊಂಡರೆ ಅದರ ಬಾಯಿಯನ್ನು ನೀರಿನ ಧಾರೆಯ ನಟ್ಟನಡುವೆ, ನಾಜಲ್ (ಹೋಸ್ ತುದಿಯ ಮೂತಿ) ಬಾಯಿಯಿಂದ ಅದರ ವ್ಯಾಸದ ಅರ್ಧದಷ್ಟು ದೂರದಲ್ಲಿ ಹಿಡಿಯಿರಿ. ಆಗ ಹರಿವನ್ನು ಲೆಕ್ಕ ಹಾಕುವುದು ಧಾರೆಯ ಒತ್ತಡ ಮತ್ತು ನಾಜಲ್ ಅಳತೆಯಿಂದ, ಆ ಅಳತೆ ಬರೆಯದೆ ಮರೆತರೆ ಇಡೀ ದಾಖಲೆ ದಂಡ: 3.5 ಕೆ.ಜಿ.ಗೆ 20 ಮಿಲಿಮೀಟರ್ ನಾಜಲ್ ನಿಮಿಷಕ್ಕೆ ಸುಮಾರು 480 ಲೀಟರ್ ಕೊಡುತ್ತದೆ, ಅದೇ ಒತ್ತಡಕ್ಕೆ 16ರದ್ದು ಕೊಡುವುದು 300ಕ್ಕಿಂತ ತುಸು ಹೆಚ್ಚು, ಅಷ್ಟೇ. ಇನ್ನೊಂದು: ಒತ್ತಡ ನಾಲ್ಕರಲ್ಲಿ ಒಂದು ಪಾಲಾದರೆ ಹರಿವು ಅರ್ಧವಾಗುತ್ತದೆಯೇ ಹೊರತು ನಾಲ್ಕರಲ್ಲಿ ಒಂದಾಗುವುದಿಲ್ಲ.

ನಮೂದು ಹೀಗಿರಲಿ: ‘ತಾರೀಖು, ಬೆಳಿಗ್ಗೆ 7.10. ಹೈಡ್ರಂಟ್ 6 ತೆರೆದಿದೆ. ಡೀಸೆಲ್ ಪಂಪ್ ಮಾತ್ರ. ಎರಡು ಹೋಸ್, ನಾಜಲ್ 20 ಮಿ.ಮೀ. ಹೈಡ್ರಂಟ್ 5ರ ಗೇಜ್: ನಿಂತಾಗ 5.0, ಹರಿಯುವಾಗ 4.2 ಕೆ.ಜಿ. ಹರಿವು ನಿಮಿಷಕ್ಕೆ 480 ಲೀಟರ್.’ ಗೇಜಿನಲ್ಲಿ ಕೆ.ಜಿ. ಮತ್ತು ಪಿ.ಎಸ್.ಐ. (ಚದರ ಇಂಚಿಗೆ ಪೌಂಡ್) ಎರಡೂ ಗೆರೆಗಳಿರುತ್ತವೆ, ಯಾವುದನ್ನು ಓದಿದಿರೆಂದು ತಪ್ಪದೆ ಬರೆಯಿರಿ. ಅಂಕಿ ತಪ್ಪಿದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿ. ಬಿಳಿ ಶಾಯಿ ಬಳಿದ ರಿಜಿಸ್ಟರ್ ಕಂಡರೆ ನನಗೇ ಅನುಮಾನ ಬರುತ್ತದೆ, ಇನ್ನು ಸರ್ವೇಯರ್ ಬಿಡುತ್ತಾರೆಯೇ?

ಮರುವರ್ಷ ಅದೇ ಪಂಪ್, ಅದೇ ನಾಜಲ್ ಹಾಕಿದಾಗ ನಿಂತ ಒತ್ತಡ 5.0 ಇದ್ದೂ ಹರಿಯುವಾಗ 3ಕ್ಕೆ ಇಳಿದರೆ, ಯಾವುದೋ ವಾಲ್ವ್ ಪೂರ್ತಿ ತೆರೆದಿಲ್ಲ, ಇಲ್ಲವೇ ಪೈಪಿನೊಳಗೆ ತುಕ್ಕು ಕಟ್ಟಿದೆ. ಮೊದಲು ವಾಲ್ವ್ ನೋಡಿ, ಅದಕ್ಕೆ ಖರ್ಚಿಲ್ಲ. ಪರೀಕ್ಷೆಯನ್ನು ದಸರೆಗೆ ಮುಂಚೆ, ಗಂಜ್ ಮಾರುಕಟ್ಟೆಗೆ ಹೊಸ ಹತ್ತಿ ಬರುವ ಮೊದಲೇ ಮುಗಿಸಿ. ಹೈಡ್ರಂಟ್ ಮುಚ್ಚುವಾಗ ಅವಸರ ಬೇಡ. ಗಕ್ಕನೆ ಮುಚ್ಚಿದರೆ ನೀರಿನ ಹೊಡೆತಕ್ಕೆ ಪೈಪಿನ ಜೋಡಣೆಗಳು ಸಡಿಲವಾಗುತ್ತವೆ.

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮದೊಂದು ಲಾಡ್ಜ್ ಇದೆ. ಪಂಪ್ ಕೋಣೆಯ ಗೇಜ್ 5 ಕೆ.ಜಿ. ತೋರಿಸಿದರೆ ತಾರಸಿಯಲ್ಲಿ 3.6 ಮಾತ್ರ. ಎಲ್ಲಾದರೂ ಸೋರುತ್ತಿದೆಯೇ?

ಉತ್ತರ: ಪ್ರತಿ 10 ಮೀಟರ್ ಎತ್ತರಕ್ಕೆ ಒಂದು ಕೆ.ಜಿ. ಒತ್ತಡ ಕಡಿಮೆಯಾಗುತ್ತದೆ. ನಿಮ್ಮ ತಾರಸಿ ಪಂಪಿನಿಂದ 14 ಮೀಟರ್ ಮೇಲಿದ್ದರೆ ಲೆಕ್ಕ ಸರಿಹೋಯಿತು. ಗೇಜ್ ಎಲ್ಲಿದೆ ಎಂಬುದನ್ನೂ ಅಂಕಿಯ ಪಕ್ಕ ಬರೆಯಿರಿ. ಸೋರಿಕೆಯ ಅನುಮಾನ ಹೋಗದಿದ್ದರೆ, ಯಾರೂ ನೀರು ಬಳಸದಿರುವಾಗ ಜಾಕಿ ಪಂಪ್ (ಪೈಪಿನ ಒತ್ತಡ ಇಳಿದಾಗ ಅದನ್ನು ತುಂಬಿಕೊಡುವ ಚಿಕ್ಕ ಪಂಪ್) ಗಂಟೆಗೆ ಎಷ್ಟು ಸಲ ತಾನಾಗಿಯೇ ಚಾಲೂ ಆಗುತ್ತದೆಂದು ಎಣಿಸಿ ಅದೇ ಪುಟದಲ್ಲಿ ಬರೆದಿಡಿ.