ಮಗನ ಫೋನಿಗಿಂತ ಮೊದಲು ಪಕ್ಕದ ಮನೆಗೆ ಕೇಳಿಸಬೇಕು

ಪ್ರಶ್ನೆ: ನಮ್ಮ ತಂದೆಯವರಿಗೆ 78 ವರ್ಷ, ಅವ್ವನಿಗೆ 71. ಸಿಂಧನೂರಿನ ಹಳೆಯ ಮನೆಯಲ್ಲಿ ಇಬ್ಬರೇ ಇರುತ್ತಾರೆ. ನಾನು ನೌಕರಿಯ ನಿಮಿತ್ತ ಬೆಂಗಳೂರಿನಲ್ಲಿದ್ದೇನೆ. ಅವ್ವನಿಗೆ ಈಚೆಗೆ ವಾಸನೆ ಸರಿಯಾಗಿ ತಿಳಿಯುತ್ತಿಲ್ಲ. ತಂದೆಯವರು ಒಮ್ಮೆ ಬಚ್ಚಲಲ್ಲಿ ಜಾರಿ ಬಿದ್ದಿದ್ದಾರೆ. ಮನೆಯೊಳಗೆ ನಾಲ್ಕು ಕ್ಯಾಮೆರಾ ಹಾಕಿಸಿ ಫೋನಿನಲ್ಲಿ ನೋಡುತ್ತಿರಿ ಎಂದು ಅಂಗಡಿಯವರು ಹೇಳುತ್ತಾರೆ, ಆದರೆ ತಂದೆಯವರು ಒಪ್ಪುತ್ತಿಲ್ಲ. ಏನು ಮಾಡಲಿ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ತಂದೆಯವರು ಹೇಳುವುದೇ ಸರಿ. ಕ್ಯಾಮೆರಾ ತೋರಿಸುವುದು ಆಗಿಹೋದದ್ದನ್ನು, ಅದೂ ಆ ಹೊತ್ತಿಗೆ ನೀವು ನೋಡುತ್ತಿದ್ದರೆ. ಹಿರಿಯರು ಬೀಳುವ ಭಯವಿರುವ ಬಚ್ಚಲಲ್ಲಿ ಅದನ್ನು ಹಾಕುವಂತೆಯೂ ಇಲ್ಲ.

ಮೊದಲು ಅಡುಗೆಮನೆಯನ್ನು ನೋಡಿ. ಅಡುಗೆ ಅನಿಲಕ್ಕೆ ತನ್ನದೇ ಆದ ವಾಸನೆಯಿಲ್ಲ. ಸೋರಿದ್ದು ತಿಳಿಯಲೆಂದೇ ಅದಕ್ಕೆ ಈಥೈಲ್ ಮರ್ಕ್ಯಾಪ್ಟನ್ ಎಂಬ ಕೆಟ್ಟ ನಾತದ ರಾಸಾಯನಿಕವನ್ನು ಬೆರೆಸಿರುತ್ತಾರೆ. ಅವ್ವನಿಗೆ ಆ ಎಚ್ಚರಿಕೆ ಮುಟ್ಟುವುದಿಲ್ಲವಾದ್ದರಿಂದ, ಅನಿಲ ಸೋರಿಕೆಯನ್ನು ಗುರುತಿಸಿ ಕೂಗುವ ಸೆನ್ಸರ್ ನಿಮ್ಮ ಮನೆಗೆ ಎಲ್ಲಕ್ಕಿಂತ ಮೊದಲು ಬೇಕು. ಈ ಅನಿಲ ಗಾಳಿಗಿಂತ ಭಾರವಾದದ್ದು, ನೆಲದ ಮಟ್ಟದಲ್ಲೇ ಹರಡಿ ನಿಲ್ಲುತ್ತದೆ. ಆದ್ದರಿಂದ ಸೆನ್ಸರನ್ನು ನೆಲದಿಂದ ಸುಮಾರು ಒಂದು ಅಡಿ ಎತ್ತರದಲ್ಲಿ, ಸಿಲಿಂಡರಿನ ಹತ್ತಿರ ಕೂಡಿಸಬೇಕು. ಹೊಗೆಯ ಸೆನ್ಸರ್ ಮಾತ್ರ ಚಾವಣಿಗೆ, ಅದೂ ಅಡುಗೆಮನೆಯ ಹೊರಗೆ. ಇಲ್ಲವಾದರೆ ಒಗ್ಗರಣೆ ಹಾಕಿದಾಗಲೆಲ್ಲ ಕೂಗಿ, ಮೂರನೆಯ ದಿನ ಅವ್ವನೇ ಅದರ ಬ್ಯಾಟರಿ ಕಿತ್ತಿಡುತ್ತಾರೆ. ಸಿಲಿಂಡರಿನ ರಬ್ಬರ್ ಪೈಪಿಗೆ ಐದು ವರ್ಷವಾಗಿದ್ದರೆ ಅದನ್ನೂ ಬದಲಿಸಿ. ಇದರಲ್ಲಿ ಸ್ಮಾರ್ಟ್ ಎನ್ನುವಂಥದ್ದೇನೂ ಇಲ್ಲ, ಆದರೆ ಸೆನ್ಸರ್ ಕೂಗುವ ಸಂದರ್ಭವೇ ಬಾರದಂತೆ ತಡೆಯುವುದು ಇದು.

ಬಚ್ಚಲಿಗೆ ರೇಡಾರ್ ಸೆನ್ಸರುಗಳು ಬಂದಿವೆ. ಅವು ಚಿತ್ರ ತೆಗೆಯದೆ, ರೇಡಿಯೊ ಅಲೆಗಳಿಂದಲೇ ಮನುಷ್ಯ ಬಿದ್ದದ್ದನ್ನು ಗುರುತಿಸುತ್ತವೆ. ಆದರೂ ಬಕೆಟ್ಟಿನ ಪಕ್ಕದಲ್ಲಿ ಕುಳಿತದ್ದನ್ನು ಬಿದ್ದರೆಂದು ತಿಳಿಯುವುದುಂಟು. ನನ್ನನ್ನು ಕೇಳಿದರೆ, ಎಳೆದರೆ ಗಂಟೆ ಬಾರಿಸುವ ಹಗ್ಗದ ಸ್ವಿಚ್ಚನ್ನು ಮೊದಲು ಹಾಕಿಸುತ್ತೇನೆ, ಅದರ ತುದಿ ನೆಲಕ್ಕೆ ಮುಟ್ಟುವಂತಿರಬೇಕು. ಬಿದ್ದವರ ಕೈಗೆ ಗೋಡೆಯ ಗುಂಡಿ ಎಟುಕುವುದಿಲ್ಲ. ಒಳಗಿನ ಚಿಲಕವನ್ನೂ ಹೊರಗಿನಿಂದ ತೆಗೆಯಬಲ್ಲಂಥದ್ದಕ್ಕೆ ಬದಲಿಸಿ. ಗೀಸರ್ ಇದ್ದರೆ, ಮೀಟರ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನಷ್ಟು ಕರೆಂಟ್ ಸೋರಿದರೇ ಸಂಪರ್ಕ ಕಡಿಯುವ ಆರ್‌ಸಿಸಿಬಿ ಎಂಬ ಸುರಕ್ಷತಾ ಸ್ವಿಚ್ ಇದೆಯೇ ಎಂದು ಎಲೆಕ್ಟ್ರಿಷಿಯನ್‌ರಿಂದ ನೋಡಿಸಿ.

ಅಡುಗೆಮನೆಯ ಬಾಗಿಲಲ್ಲೊಂದು ಚಲನೆಯ ಸೆನ್ಸರ್ ಇದ್ದರೆ, ಬೆಳಿಗ್ಗೆ ಎಂಟಾದರೂ ಯಾರೂ ಓಡಾಡಿಲ್ಲ ಎಂಬುದು ನಿಮಗೆ ತಿಳಿಯುತ್ತದೆ. ನಾಲ್ಕು ಕ್ಯಾಮೆರಾಗಳಿಗಿಂತ ಇದು ಹೆಚ್ಚು ಹೇಳುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಿಮ್ಮ ಸೀಮೆಯಲ್ಲಿ, ಮಲಗುವ ಕೋಣೆಯ ಉಷ್ಣತೆ ತಿಳಿಸುವ ಸಣ್ಣ ಸೆನ್ಸರೂ ಇರಲಿ. ವಯಸ್ಸಾದವರಿಗೆ ಬಾಯಾರಿಕೆ ಬೇಗ ಗೊತ್ತಾಗುವುದಿಲ್ಲ.

ಇನ್ನು, ಸೂಚನೆ ಯಾರಿಗೆ ಹೋಗಬೇಕು? ಬೆಂಗಳೂರಿನಲ್ಲಿ ನಿಮ್ಮ ಫೋನ್ ಕೂಗಿದರೆ ಬಾಗಿಲು ತೆರೆಯುವವರು ಯಾರು? ಗಂಟೆ ಪಕ್ಕದ ಮನೆಗೆ ಕೇಳಿಸಬೇಕು, ಬೀಗದ ಕೈ ಒಂದು ಅವರ ಬಳಿ ಇರಬೇಕು, ಫೋನಿನ ಪಟ್ಟಿಯಲ್ಲೂ ಅವರೇ ಮೊದಲು, ನೀವು ಆಮೇಲೆ. ಶಕ್ತಿನಗರದಲ್ಲಿ 1720 ಮೆಗಾವಾಟಿನ ವಿದ್ಯುತ್ ಸ್ಥಾವರವಿರುವ ಜಿಲ್ಲೆಯಲ್ಲಿಯೂ ಕರೆಂಟ್ ಹೋಗುವುದು ಹೊಸದೇನಲ್ಲ, ಆದ್ದರಿಂದ ಸೆನ್ಸರುಗಳನ್ನೂ ವೈಫೈ ರೂಟರನ್ನೂ ಇನ್ವರ್ಟರಿಗೆ ಸೇರಿಸಿ. ಇಂಟರ್ನೆಟ್ ಇಲ್ಲದಿದ್ದರೂ ತಾನಾಗಿ ಕೂಗುವ ಸಾಧನವನ್ನಷ್ಟೇ ಕೊಳ್ಳಿ.

ಪ್ರಶ್ನೆ: ಅನಿಲ ಸೋರಿದ ಕೂಡಲೇ ಎಕ್ಸಾಸ್ಟ್ ಫ್ಯಾನ್ ತಾನಾಗಿ ತಿರುಗುವಂತೆ ಸ್ಮಾರ್ಟ್ ಪ್ಲಗ್ ಜೋಡಿಸಿದ್ದೇನೆ. ಸರಿಯೇ?
— ಓದುಗರೊಬ್ಬರು, ಗಂಗಾವತಿ

ಉತ್ತರ: ಇಂದೇ ತೆಗೆಯಿರಿ. ಅನಿಲ ತುಂಬಿದ ಕೋಣೆಯಲ್ಲಿ ಪ್ಲಗ್ಗಿನೊಳಗೆ ಸ್ವಿಚ್ಚಿನ ಕೆಲಸ ಮಾಡುವ ರಿಲೇಯ ಒಂದು ಕಿಡಿ ಸಾಕು. ಅಲ್ಲದೆ ಫ್ಯಾನ್ ಇರುವುದು ಮೇಲೆ, ಅನಿಲ ನಿಲ್ಲುವುದು ಕೆಳಗೆ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ಕೈಯಿಂದಲೇ ತೆರೆದು, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು ಅನಿಲ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಫೋನ್ ಮಾಡಬೇಕು. ಆ ಪ್ಲಗ್ಗಿಗೆ ಪಡಸಾಲೆಯಲ್ಲೊಂದು ಸಣ್ಣ ದೀಪ ಹಾಕಿ, ರಾತ್ರಿ ಬಚ್ಚಲಿಗೆ ಏಳುವವರಿಗೆ ದಾರಿ ಕಾಣಲಿ.