ಮೌಲ್ಯಮಾಪನದಲ್ಲಿ ಸೇವೆ ಪಡೆಯುವವರ ಪಾಲು

ನಮಸ್ಕಾರ. ರಬಕವಿ-ಬನಹಟ್ಟಿಯಲ್ಲಿ ನೀವು ನಡೆಸುತ್ತಿರುವ ಮಾನಸಿಕ ಆರೋಗ್ಯ ಸೇವೆಯ ಮೌಲ್ಯಮಾಪನಕ್ಕೆ ಮನೆಯವರ ಅಭಿಪ್ರಾಯವಷ್ಟೇ ಸಾಕೇ ಎಂದು ಕೇಳಿದ್ದೀರಿ. ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಸೇವೆ ಪಡೆಯುವವರು ಗಲಾಟೆ ಮಾಡದೆ ಮಲಗಿದರೆ ಮನೆಯವರಿಗೆ ಅದು ಗುಣವಾದಂತೆ ಕಾಣುತ್ತದೆ. ಆದರೆ ಮಾತ್ರೆಯ ಮಂಪರಿನಿಂದ ಮತ್ತೆ ಮಗ್ಗದ ಮುಂದೆ ಕೂರಲಾಗದ ಸಂಕಟ ಅನುಭವಿಸಿದವರಿಗಷ್ಟೇ ಗೊತ್ತು, ಅದನ್ನು ಔಷಧ ಕೊಡುವವರ ಎದುರು ಹೇಳಲು ಅವರು ಅಂಜುತ್ತಾರೆ. ಆದ್ದರಿಂದ ಪ್ರಶ್ನೆಗಳನ್ನು ಸಿದ್ಧಪಡಿಸುವ ಹಂತದಲ್ಲೇ ಸೇವೆ ಪಡೆದ ಇಬ್ಬರು ಮೂವರನ್ನು ಸೇರಿಸಿಕೊಳ್ಳಿ, ಸಾಧ್ಯವಾದರೆ ಸಂದರ್ಶನವನ್ನೂ ಅವರಿಂದಲೇ, ಇಲ್ಲಿಯ ಆಡುಮಾತಿನಲ್ಲಿಯೇ ಮಾಡಿಸಿ. ಬಸ್ ಖರ್ಚಿನ ಜೊತೆಗೆ ಆ ದಿನದ ಕೂಲಿಯನ್ನೂ ಕೊಡಲೇಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ಇಂಥ ಕಾಯಿಲೆ ಅನುಭವಿಸಿದವರ ಪ್ರತಿನಿಧಿಗಳಿಗೆ ಸ್ಥಾನ ನೀಡಿರುವಾಗ ತಾಲ್ಲೂಕು ಮಟ್ಟದಲ್ಲಿ ಹಿಂಜರಿಯಲು ಕಾರಣವಿಲ್ಲ. ವರದಿಯನ್ನು ಮೊದಲು ಅವರಿಗೇ ಓದಿ ಹೇಳಿ.