ಸಿಲಿಂಡರ್ ಬರಬೇಕಾದ ಕಡೆ ಪದರ ಬಂದಿದ್ದೇಕೆ?

ಪ್ರಶ್ನೆ: ನನ್ನ ಬ್ಲಾಕ್ ಕೋಪಾಲಿಮರ್‌ನಲ್ಲಿ (ಎರಡು ಬೇರೆ ಪಾಲಿಮರ್ ಸರಪಳಿಗಳನ್ನು ತುದಿಗೆ ತುದಿ ಜೋಡಿಸಿದ ವಸ್ತು) ಲಿಕ್ವಿಡ್ ಕ್ರಿಸ್ಟಲ್ ಭಾಗ ಶೇ 30ರಷ್ಟಿದೆ. ಲೆಕ್ಕದ ಪ್ರಕಾರ ಅದು ಸಿಲಿಂಡರ್ ಆಗಬೇಕು. ಕಾಯಿಸಿದಾಗ ಹಾಗೇ ಇರುತ್ತದೆ, ತಣ್ಣಗಾದರೆ ಪದರವಾಗುತ್ತದೆ. ಸ್ಯಾಂಪಲ್ ಕೆಟ್ಟಿದೆಯಾ?

ಉತ್ತರ: ಕೆಟ್ಟಿರುವಂತೆ ಕಾಣುವುದಿಲ್ಲ. ಈ ವಸ್ತುವಿನ ಸ್ವಭಾವವೇ ನಿಮ್ಮ ಕಣ್ಣಿಗೆ ಬಿದ್ದಿದೆ ಅನಿಸುತ್ತದೆ.

ನೀವು ಹಿಡಿದ ಲೆಕ್ಕ ಮೆತ್ತಗಿನ, ನೂಲಿನಂತೆ ಸುತ್ತಿಕೊಳ್ಳುವ ಸರಪಳಿಗಳದ್ದು. ಅಲ್ಲಿ ಎರಡು ಭಾಗಗಳಿಗೆ ಒಂದಕ್ಕೊಂದು ಆಗುವುದಿಲ್ಲ. ಆದರೆ ತುದಿಗೆ ಗಂಟು ಬಿದ್ದಿದೆ, ಬಿಟ್ಟು ಹೋಗುವ ಹಾಗೂ ಇಲ್ಲ. ಹಾಗಾಗಿ ಹತ್ತಾರು ನ್ಯಾನೋಮೀಟರ್ ಅಳತೆಯಲ್ಲೇ ಬೇರೆ ಬೇರೆ ಜಾಗ ಮಾಡಿಕೊಳ್ಳುತ್ತವೆ. ಒಂದು ಭಾಗ ತೀರಾ ಕಡಿಮೆಯಿದ್ದರೆ ಗೋಲ, ಸ್ವಲ್ಪ ಜಾಸ್ತಿಯಾದರೆ ಸಿಲಿಂಡರ್, ಹೆಚ್ಚುಕಮ್ಮಿ ಸಮವಾದರೆ ಪದರ.

ನಿಮ್ಮ ಸರಪಳಿಯ ಲಿಕ್ವಿಡ್ ಕ್ರಿಸ್ಟಲ್ ಭಾಗಕ್ಕೆ ಕಡ್ಡಿಯಂಥ ಗಟ್ಟಿ ಅಣುಗುಂಪುಗಳು ನೇತುಬಿದ್ದಿವೆ. ತಣ್ಣಗಾಗುತ್ತಿದ್ದಂತೆ ಅವು ಒಂದರ ಪಕ್ಕ ಒಂದು ನಿಂತು ಸಾಲಿನ ಮೇಲೆ ಸಾಲು ಕಟ್ಟುತ್ತವೆ; ಇದಕ್ಕೆ ಸ್ಮೆಕ್ಟಿಕ್ ಜೋಡಣೆ ಎನ್ನುತ್ತಾರೆ. ಒಂದು ಸಾಲಿನ ದಪ್ಪ ಸುಮಾರು 3 ನ್ಯಾನೋಮೀಟರ್ ಅಂದುಕೊಳ್ಳಿ. 20 ನ್ಯಾನೋಮೀಟರ್ ಅಗಲದ ಸಿಲಿಂಡರ್‌ನಲ್ಲಿ ಅಡ್ಡಕ್ಕೆ ಆರೇಳು ಸಾಲು ಮಾತ್ರ ಹಿಡಿಸುತ್ತದೆ. ಸಾಲುಗಳು ಬಾಗಿಯಾವು, ಆದರೆ ನಡುವಿನ ಅಂತರ ಬದಲಾಗುವುದನ್ನು ಸಹಿಸವು. ದುಂಡು ಗೋಡೆ ಅವನ್ನು ಹಿಂಡುತ್ತದೆ, ಚಪ್ಪಟೆ ಗೋಡೆ ಹಿಂಡುವುದಿಲ್ಲ. ಆ ಉಳಿತಾಯ ದೊಡ್ಡದಾದಾಗ ಇಡೀ ರಚನೆಯೇ ಪದರಕ್ಕೆ ಹೊರಳುತ್ತದೆ. ಎಲ್ಲ ಪಾಲಿಮರ್‌ಗೂ ಹೀಗೇ ಆಗಬೇಕೆಂದಿಲ್ಲ. ಕಡ್ಡಿಗಳು ಸಿಲಿಂಡರ್‌ನ ಉದ್ದಕ್ಕೇ ಮಲಗಿದರೆ ಗೋಡೆಯ ಜೊತೆ ಜಗಳವಿಲ್ಲ, ಸಿಲಿಂಡರ್ ಉಳಿದೀತು.

ಇದನ್ನು ಎಕ್ಸ್-ರೇ ಚದುರಿಕೆಯಲ್ಲಿ ಖಚಿತ ಮಾಡಿಕೊಳ್ಳಿ. ಕಿರುಕೋನದಲ್ಲಿ ಕಾಣುವ ಗೆರೆಗಳ ಸ್ಥಾನಗಳ ಅನುಪಾತ ಸಿಲಿಂಡರ್‌ನಲ್ಲಿ 1 : √3 : 2, ಪದರದಲ್ಲಿ 1 : 2 : 3. ಸ್ಮೆಕ್ಟಿಕ್ ಸಾಲಿನ ಗೆರೆ ಇದಕ್ಕಿಂತ ದೊಡ್ಡ ಕೋನದಲ್ಲಿ ಬೇರೆಯಾಗಿ ಬರುತ್ತದೆ. ನಿಧಾನವಾಗಿ ಕಾಯಿಸುತ್ತಾ ಎರಡನ್ನೂ ಒಟ್ಟಿಗೆ ನೋಡಿ. ಸ್ಮೆಕ್ಟಿಕ್ ಗೆರೆ ಅಳಿಸಿಹೋಗುವ ತಾಪಮಾನದ ಹತ್ತಿರವೇ ಅನುಪಾತವೂ ಬದಲಾದರೆ, ರೂಪ ಬದಲಿಸಿದ್ದು ಕಡ್ಡಿಗಳ ಶಿಸ್ತೇ. ಪೋಲರೈಸಿಂಗ್ ಸೂಕ್ಷ್ಮದರ್ಶಕದಲ್ಲಿ ಸ್ಮೆಕ್ಟಿಕ್‌ನ ಗುರುತಾದ ಬೀಸಣಿಗೆಯಂಥ ಚಂದದ ಚಿತ್ತಾರ ಕಾಣಲಿಲ್ಲವೆಂದು ಬೇಸರ ಬೇಡ. ಬೆಳಕಿನ ಅಲೆಗಿಂತ ಸಣ್ಣ ಜಾಗದಲ್ಲಿ ಸಿಕ್ಕಿಕೊಂಡ ಸಾಲುಗಳು ಬರೀ ಮಸುಕು ಹೊಳಪನ್ನಷ್ಟೇ ಕೊಡುವುದು ಸಾಮಾನ್ಯ.

ಸಿಲಿಂಡರೇ ಬೇಕು ಅಂದರೆ ಲೆಕ್ಕ ತಿರುಗಿಸಿ: ಲಿಕ್ವಿಡ್ ಕ್ರಿಸ್ಟಲ್ ಭಾಗ ಸುತ್ತ ಇರಲಿ, ಇನ್ನೊಂದು ಒಳಗಿರಲಿ. ಪಾಲಿಎಥಿಲೀನ್ ಆಕ್ಸೈಡ್ ಸಿಲಿಂಡರ್ ಸುತ್ತ ಆಜೋಬೆಂಜೀನ್ ಕಡ್ಡಿಗಳಿರುವ ತೆಳು ಫಿಲ್ಮ್ ಇದಕ್ಕೆ ಒಳ್ಳೆಯ ಉದಾಹರಣೆ. ಅದನ್ನು ಕಾಯಿಸಿ ತಣಿಸಿದರೆ ಸ್ಮೆಕ್ಟಿಕ್ ಸಾಲುಗಳು ಫಿಲ್ಮ್‌ಗೆ ಸಮನಾಗಿ ಮಲಗುತ್ತವೆ, ಸಿಲಿಂಡರ್‌ಗಳು ನೆಟ್ಟಗೆ ನಿಲ್ಲುತ್ತವೆ.